ಕ್ಯಾಮೆರಾ ಬಾಡಿಗೆಗೆ ತರುವ ಮೊದಲೇ ಚಿತ್ರವನ್ನು ಕೇಳಿ ಮುಗಿಸಿದ್ದೆವು

ಮೊದಲು ಚಿತ್ರಕಥೆ, ಆಮೇಲೆ ಲೊಕೇಶನ್, ಆಮೇಲೆ ಶಾಟ್ ಡಿವಿಷನ್ (ದೃಶ್ಯಗಳನ್ನು ಶಾಟ್‌ಗಳಾಗಿ ಒಡೆಯುವುದು), ಕೊನೆಗೆ ಕಾಲ್‌ಶೀಟ್ (ಯಾರು ಯಾವಾಗ ಬರಬೇಕೆಂಬ ಪಟ್ಟಿ) ಎಂಬ ಕ್ರಮ ಸಿನಿಮಾ ಕಲಿಯುವ ನಮ್ಮ ವಿಭಾಗದಲ್ಲಿ ಯಾರೂ ಪ್ರಶ್ನಿಸದ ಕ್ರಮವಾಗಿತ್ತು. ಶಾಟ್ ಡಿವಿಷನ್ನಿಗೆ ಕೈಹಾಕುವ ಮೊದಲು ಇಡೀ ಚಿತ್ರದ ಶಬ್ದವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಟೈಮ್‌ಲೈನಿನಲ್ಲಿ ಜೋಡಿಸಿ, ಚಿತ್ರವಿಲ್ಲದೆ ಬರೀ ಕಿವಿಯಿಂದ ಕೇಳಿ ತಿದ್ದೋಣ ಎಂದು ನಾನು ಹೇಳಿದಾಗ ಒಪ್ಪಿದವರು ಯಾರೂ ಇರಲಿಲ್ಲ. "ಇದು ಬಾನುಲಿ ನಾಟಕ ಆಗುತ್ತದೆಯೇ ಹೊರತು ಸಿನಿಮಾ ಆಗುವುದಿಲ್ಲ ಕಣೇ" ಎಂದು ನಮ್ಮ ಛಾಯಾಗ್ರಾಹಕ ಹೇಳಿದ. ಎರಡು ದಿನದ ಬಾಡಿಗೆಯಲ್ಲಿ ಹನ್ನೆರಡು ನಿಮಿಷದ ಚಿತ್ರ ಮುಗಿಯುವುದಿಲ್ಲ ಎಂದು ಮೇಷ್ಟ್ರು ಹೇಳಿದರು. ಎರಡು ದಿನದಲ್ಲೇ ಮುಗಿಯಿತು, ಮೇಲಾಗಿ ಹಣವೂ ಉಳಿಯಿತು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಹಿಂದಿನ ವರ್ಷ ನಮ್ಮದೇ ತಂಡ ಸುಮಾರು 85,000 ರೂಪಾಯಿ ಸುರಿದು ಮಾಡಿದ ಚಿತ್ರ ಸಂಕಲನದ ಮೇಜಿನ ಮೇಲೆಯೇ ಸತ್ತಿತು. ಶಾಟ್‌ಗಳು ಚೆನ್ನಾಗಿದ್ದವು, ಶಾಟ್‌ಗಳನ್ನು ಮೊದಲೇ ಚಿತ್ರವಾಗಿ ಬರೆದಿಟ್ಟ ಸ್ಟೋರಿಬೋರ್ಡ್ ಕೂಡ ಅಚ್ಚುಕಟ್ಟಾಗಿತ್ತು. ಆದರೆ ಕಥೆಯ ನಡುವಿನ ಐದಾರು ನಿಮಿಷ ಬೇಕಾಗಿಯೇ ಇರಲಿಲ್ಲ, ಮತ್ತು ಆ ಐದಾರು ನಿಮಿಷಕ್ಕಾಗಿಯೇ ಒಂದು ದಿನದ ಕ್ಯಾಮೆರಾ ಬಾಡಿಗೆ, ಊಟ, ಟೆಂಪೋ ಎಲ್ಲವೂ ಖರ್ಚಾಗಿತ್ತು. ಬರೆದ ಚಿತ್ರಗಳು ಚೌಕಟ್ಟನ್ನು ತೋರಿಸುತ್ತವೆ, ಒಂದು ದೃಶ್ಯ ಎಷ್ಟು ಹೊತ್ತು ತಾಳುತ್ತದೆ ಎಂಬುದನ್ನು ತೋರಿಸುವುದಿಲ್ಲ.

ಈ ಬಾರಿಯ ಕಥೆ ಬೆಂಗಳೂರಿನ ಹನುಮಂತನಗರದ ಒಂದು ಹಳೆಯ ಹಿಟ್ಟಿನ ಗಿರಣಿಯದು. ಗಿರಣಿ ಮಾರಲು ತೀರ್ಮಾನಿಸಿರುವ ತಂದೆ ಆ ವಿಷಯವನ್ನು ಮಗಳಿಗೆ ಹೇಳಬೇಕಾಗಿದೆ, ಅಷ್ಟೇ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಚಿತ್ರಕಥೆ ಹದಿನಾಲ್ಕು ಪುಟಗಳಿತ್ತು. ಒಂದು ಪುಟಕ್ಕೆ ಒಂದು ನಿಮಿಷ ಎಂಬ ಲೆಕ್ಕವನ್ನು ನಾವೆಲ್ಲರೂ ಬಾಯಿಪಾಠ ಮಾಡಿದ್ದೇವೆ, ಆದರೆ ಆ ಲೆಕ್ಕ ಹುಟ್ಟಿದ್ದು 12 ಪಾಯಿಂಟ್ ಕೊರಿಯರ್ ಅಕ್ಷರದ ಇಂಗ್ಲಿಷ್ ಪುಟಕ್ಕೆ. ರಾಮಾಂಜನೇಯ ಗುಡ್ಡದ ಮೆಟ್ಟಿಲ ಮೇಲೆ ನಟರನ್ನು ಕೂರಿಸಿ ಓದಿಸಿ, ಮೌನಗಳಿಗೂ ಜಾಗ ಬಿಟ್ಟು ಜೋಡಿಸಿದಾಗ ನಮ್ಮ ಹದಿನಾಲ್ಕು ಪುಟ ಇಪ್ಪತ್ತೊಂದು ನಿಮಿಷದಷ್ಟಾಯಿತು. ಆಸ್ಕರ್ ನಿಯಮದ ಪ್ರಕಾರ 40 ನಿಮಿಷದವರೆಗೂ ಕಿರುಚಿತ್ರವೇ ಆದರೂ ವಿದ್ಯಾರ್ಥಿ ಚಿತ್ರವೊಂದು ಇಪ್ಪತ್ತು ದಾಟಿದರೆ ಉತ್ಸವಗಳ ಆಯ್ಕೆಯಲ್ಲಿ ಅದಕ್ಕೆ ಜಾಗ ಸಿಗುವುದು ಕಷ್ಟ ಎಂಬುದು ನನ್ನ ನಂಬಿಕೆ. ಅಲ್ಲಿಂದ ಕತ್ತರಿ ಆಡಿಸಲು ಶುರು ಮಾಡಿದೆವು. ಬೀದಿಯ ದೃಶ್ಯ, ಬ್ಯಾಂಕಿನ ದೃಶ್ಯ, ಚಿಕ್ಕಪ್ಪನ ಪಾತ್ರ ಎಲ್ಲವೂ ಹೋದವು, ಇದಕ್ಕೆ ತಗುಲಿದ ವೆಚ್ಚ ಬಸ್ಸಿನ ಚಾರ್ಜು ಮತ್ತು ಕಾಫಿ ಮಾತ್ರ.

ಗಿರಣಿಯ ನಿಜವಾದ ಸದ್ದನ್ನು ತಂದು ಮಾತಿನ ಕೆಳಗೆ ಹಾಕಿದಾಗ ಈ ವಿಧಾನದ ಬೆಲೆ ಗೊತ್ತಾಯಿತು. ಮೋಟರು, ಬೆಲ್ಟು, ಕಲ್ಲು ಮೂರೂ ಸೇರಿದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ. ಕೋಲಿಗೆ ಕಟ್ಟುವ ಬೂಮ್ ಮೈಕ್ ಆಗಲಿ, ಅಂಗಿಗೆ ಸಿಕ್ಕಿಸುವ ಲೇಪಲ್ ಮೈಕ್ ಆಗಲಿ ಅದನ್ನು ಸರಿಪಡಿಸಲಾರದು. ಮಾತನ್ನು ಆಮೇಲೆ ಸ್ಟುಡಿಯೋದಲ್ಲಿ ಡಬ್ಬಿಂಗ್ ಮಾಡಿಬಿಡಿ ಎಂದು ಎಲ್ಲರೂ ಸಲಹೆ ಕೊಟ್ಟರು. ಡಬ್ಬಿಂಗಿನಲ್ಲಿ ನಮ್ಮ ಹಿರಿಯ ನಟರ ಧ್ವನಿಯಲ್ಲಿದ್ದ ಉಸಿರು ಸಿಗುವುದಿಲ್ಲವೆಂದು ನನಗೆ ಖಾತ್ರಿಯಿತ್ತು, ಸ್ಟುಡಿಯೋ ಬಾಡಿಗೆಗೆ ದುಡ್ಡೂ ಇರಲಿಲ್ಲ. ಹೀಗೆ ಜೋಡಿಸಿದ ಶಬ್ದದ ಕರಡನ್ನು ಮತ್ತೆ ಮತ್ತೆ ಕೇಳುತ್ತಿದ್ದಾಗ ದಾರಿ ಹೊಳೆಯಿತು: ತಂದೆ ಮಾತಾಡುವ ಹೊತ್ತಿಗೆ ಕರೆಂಟು ಹೋಗಲಿ. ಯಂತ್ರ ನಿಂತು ಮೌನ ಆವರಿಸಿದಾಗ ಇಷ್ಟು ದಿನ ಸದ್ದಿನ ಮರೆಯಲ್ಲಿದ್ದ ಮನುಷ್ಯ ಮಾತಾಡಲೇಬೇಕಾಗುತ್ತದೆ. ನಮ್ಮ ಚಿತ್ರದ ಅತ್ಯುತ್ತಮ ದೃಶ್ಯ ಹುಟ್ಟಿದ್ದು ಹೀಗೆ, ಬರೆಯುವ ಮೇಜಿನ ಮುಂದೆ ಅಲ್ಲ.

ಸ್ವಿಚ್ ಆರಿಸಿದ ತಕ್ಷಣ ಗಿರಣಿ ನಿಲ್ಲುವುದಿಲ್ಲ ಎಂಬುದನ್ನು ಅಲ್ಲಿಗೆ ಹೋಗಿ ನೋಡಿಯೇ ತಿಳಿಯಬೇಕು. ಮೊದಲು ಮೋಟರಿನ ಗುಂಯ್‌ಗುಟ್ಟುವಿಕೆ ಇಳಿಯುತ್ತದೆ, ಆಮೇಲೆ ಬೆಲ್ಟಿನ ಕೂಡುಗಂಟು ರಾಟೆಯ ಮೇಲೆ ಹಾಯುವಾಗಿನ ಪಟ್ ಪಟ್ ಸದ್ದು ಒಂದೊಂದಾಗಿ ಬಿಡಿಬಿಡಿಯಾಗಿ ಕೇಳತೊಡಗುತ್ತದೆ, ಕೊನೆಗೆ ಕಲ್ಲು ಒಂದೆರಡು ಸುತ್ತು ಹೊರಳಿ ನಿಲ್ಲುತ್ತದೆ. ಒಟ್ಟು ಸುಮಾರು 40 ಸೆಕೆಂಡು. ಆ 40 ಸೆಕೆಂಡನ್ನು ಹಾಗೆಯೇ ಕರಡಿಗೆ ಹಾಕಿ, ತಂದೆಯ ಮೊದಲ ಮಾತನ್ನು ಕೊನೆಯ ಪಟ್ ಸದ್ದಿನ ನಂತರ ಇಟ್ಟೆ. ನಟರು ಶೂಟಿಂಗಿಗೆ ಬರುವ ಮೊದಲೇ ಆ ಲಯಕ್ಕೆ ಒಗ್ಗಿಕೊಂಡಿದ್ದರು.

ಕರೆಂಟು ಹೋದರೆ ದೀಪವೂ ಇಲ್ಲ. ಟ್ಯೂಬ್‌ಲೈಟ್ ಉರಿಯುವ ದೃಶ್ಯಗಳಿಗೆ ಕ್ಯಾಮೆರಾದಲ್ಲಿ ಸೆಕೆಂಡಿಗೆ 25 ಫ್ರೇಮ್, 1/50 ಸೆಕೆಂಡಿನ ಶಟರ್ ಎಂದು ಇಟ್ಟುಕೊಂಡರೆ ಮಿನುಗು ಬರುವುದಿಲ್ಲ, ಅದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಕರೆಂಟು ಹೋದ ದೃಶ್ಯಕ್ಕೆ ಮಾತ್ರ ಪಶ್ಚಿಮದ ಬಾಗಿಲಿನಿಂದ ಬರುವ ಸಂಜೆಯ ಬಿಸಿಲೊಂದೇ ಗತಿಯಾಗಿತ್ತು. ಲೊಕೇಶನ್ ನೋಡಿದ್ದು ಡಿಸೆಂಬರಿನಲ್ಲಿ. ಆಗ ಬೆಂಗಳೂರಿನಲ್ಲಿ ಸೂರ್ಯ ಆರು ಗಂಟೆಗೆ ಮುಂಚೆಯೇ, ನೈಋತ್ಯದ ಕಡೆ ಮುಳುಗುತ್ತಾನೆ, ಬಿಸಿಲು ಓರೆಯಾಗಿ ಬಂದು ಉತ್ತರದ ಗೋಡೆಗೆ ಜೋಡಿಸಿಟ್ಟ ಗಿರಾಕಿಗಳ ಡಬ್ಬಗಳ ಮೇಲೆ ಬೀಳುತ್ತಿತ್ತು. ಫೆಬ್ರವರಿ ಮಧ್ಯದ ಹೊತ್ತಿಗೆ ಸೂರ್ಯಾಸ್ತ ಸುಮಾರು 6.25ಕ್ಕೆ ಸರಿದು, ಬಿಸಿಲಿನ ಪಟ್ಟಿಯೂ ಪಕ್ಕಕ್ಕೆ ಜರುಗಿ ಯಂತ್ರದವರೆಗೆ ಬಂತು. ನಮಗೆ ಬೇಕಾದದ್ದು ಅದೇ. ಎದುರು ಕಟ್ಟಡದ ನೆರಳು ಬೀಳುವ ಮೊದಲು ಇಪ್ಪತ್ತು, ಇಪ್ಪತ್ತೈದು ನಿಮಿಷ ಆ ಬೆಳಕು ಸಿಗುತ್ತಿತ್ತು, ಕರಡಿನಲ್ಲಿ ಆ ದೃಶ್ಯದ ಉದ್ದ ಮೂರೂವರೆ ನಿಮಿಷ. ಎಷ್ಟು ಟೇಕ್ ತೆಗೆದುಕೊಳ್ಳಬಹುದೆಂದು ಮೊದಲೇ ಲೆಕ್ಕ ಹಾಕಲು ಸಾಧ್ಯವಾದದ್ದು ಆ ಅಳತೆ ಕೈಯಲ್ಲಿದ್ದುದರಿಂದ.

ದಿನಾಂಕದ ವಿಷಯದಲ್ಲಿ ದೊಡ್ಡ ಜಗಳವೇ ಆಯಿತು. "ಶನಿವಾರ, ಭಾನುವಾರ ಕೇಳಲೇಬೇಡಮ್ಮ, ಅವತ್ತೇ ಜನ ಬರುವುದು" ಎಂದು ಗಿರಣಿಯ ಯಜಮಾನರು ಕಡ್ಡಿ ಮುರಿದಂತೆ ಹೇಳಿದ್ದರು. ಅವರು ಅಮಾವಾಸ್ಯೆಯಂದು ಯಂತ್ರ ಹಾಕುವುದಿಲ್ಲ ಎಂದು ತಿಳಿದ ಮೇಲೆ, ಹಿಂದಿನ ದಿನ ಯಂತ್ರ ಓಡುವ ದೃಶ್ಯಗಳನ್ನೂ ಅಮಾವಾಸ್ಯೆಯಂದು ಮಾತಿನ ದೃಶ್ಯಗಳನ್ನೂ ಇಟ್ಟುಕೊಂಡೆ. ಇದರಿಂದ ಒಂದೇ ದಿನದ ಸಂಪಾದನೆಯನ್ನು, ಸುಮಾರು 5,000 ರೂಪಾಯಿ, ಅವರಿಗೆ ತುಂಬಿಕೊಟ್ಟರೆ ಸಾಕಾಯಿತು. ಅಮಾವಾಸ್ಯೆಯ ದಿನ ಶೂಟಿಂಗ್ ಬೇಡವೆಂದು ತಂಡದಲ್ಲಿ ಇಬ್ಬರು ಹಟ ಹಿಡಿದರು. ಮುಹೂರ್ತ ಹಿಂದಿನ ದಿನವೇ ಆಗಿರುತ್ತದೆಯಲ್ಲ ಎಂದು ಸಮಾಧಾನ ಮಾಡಿದೆ. ಯಂತ್ರಕ್ಕೆ ರಜೆ ಇರುವ ದಿನ ಕೊನೆಯ ಐದು ನಿಮಿಷ ಅದನ್ನು ಓಡಿಸಿ ನಿಲ್ಲಿಸಲು ಯಜಮಾನರನ್ನು ಒಪ್ಪಿಸಿದ್ದು ಹೇಗೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ, ಆ ಉಪಾಯ ಮುಂದಿನ ಚಿತ್ರಕ್ಕೂ ಬೇಕಾಗಿದೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆವು. ಬಿಸಿಲಿನ ಕೋಲು ಕಾಣಲು ಸಾಂಬ್ರಾಣಿ ಹೊಗೆ ಹಾಕೋಣವೆಂದು ಮನೆಯಲ್ಲಿ ಪರೀಕ್ಷಿಸಿದಾಗ ಸೊಗಸಾಗಿ ಬಂತು, ಆದರೆ ಗಾಳಿಯಲ್ಲಿ ತೇಲುವ ಹಿಟ್ಟಿನ ಧೂಳಿಗೆ ಬೆಂಕಿ ಹತ್ತಿಕೊಳ್ಳುತ್ತದೆ, ಗಿರಣಿಯೊಳಗೆ ಕೆಂಡ ತರುವ ಪ್ರಶ್ನೆಯೇ ಇಲ್ಲ. ಬಿಸಿಯಾಗುವ ಹಳೆಯ ಲೈಟುಗಳನ್ನೂ ಅದೇ ಕಾರಣಕ್ಕೆ ಬಿಟ್ಟು ಎಲ್‌ಇಡಿ ಮಾತ್ರ ತಂದೆವು. ಹಿಟ್ಟು ಬೀಳುವ ಬಾಯಿಗೆ ಕಟ್ಟಿರುವ ಬಟ್ಟೆಯ ತೋಳನ್ನು ಬೆರಳಿನಿಂದ ಎರಡು ಸಲ ತಟ್ಟಿದರೆ ಬಿಸಿಲಿನಲ್ಲಿ ಬೇಕಾದಷ್ಟೇ ಧೂಳು ಎದ್ದು ನಿಧಾನವಾಗಿ ಇಳಿಯುತ್ತದೆ. ಕರಡನ್ನು ಕಥೆ ಗೊತ್ತಿಲ್ಲದ ಪಕ್ಕದ ಮನೆಯ ಆಂಟಿಗೆ ಕೇಳಿಸಿದ್ದು ಇನ್ನೊಂದು ಪ್ರಯೋಗ. "ಆ ಹುಡುಗಿಗೆ ಮೊದಲೇ ಗೊತ್ತಿತ್ತು ಅಲ್ವಾ?" ಎಂದು ಅವರು ಕೇಳಿದಾಗ ಮಗಳ ಎರಡು ಮಾತುಗಳನ್ನು ತೆಗೆದುಹಾಕಿದೆವು.

ಇಷ್ಟೆಲ್ಲ ಆದ ಮೇಲೆಯೇ ಶಾಟ್ ಡಿವಿಷನ್ನಿಗೆ ಕೂತದ್ದು. ನಮ್ಮ ಛಾಯಾಗ್ರಾಹಕ ಮೊದಲು ಬರೆದುಕೊಂಡಿದ್ದ ಎಪ್ಪತ್ತು ಚಿಲ್ಲರೆ ಶಾಟ್‌ಗಳು ಮೂವತ್ತೆಂಟರ ಆಸುಪಾಸಿಗೆ ಇಳಿದವು, ಇಳಿಸಿದವನೂ ಅವನೇ. ಕ್ಯಾಮೆರಾ ಸರಿಸುವ ಟ್ರ್ಯಾಕ್ ಟ್ರಾಲಿ ಬೇಡವಾಯಿತು. ಕ್ಯಾಮೆರಾ, ಲೆನ್ಸ್ ಮತ್ತು ಲೈಟಿಗೆ ಸುಮಾರು 14,000, ಸೌಂಡ್ ರೆಕಾರ್ಡಿಸ್ಟ್ ಹಾಗೂ ಉಪಕರಣಕ್ಕೆ 9,000, ಊಟ ತಿಂಡಿಗೆ 7,000, ಟೆಂಪೋ, ಹಾರ್ಡ್ ಡಿಸ್ಕ್, ನಟರ ಗೌರವಧನ, ಗಿರಣಿಯ ಹಣ ಎಲ್ಲ ಸೇರಿ 52,000 ದಾಟಲಿಲ್ಲ. ಕೈಯಲ್ಲಿದ್ದದ್ದು ಹೆಚ್ಚುಕಡಿಮೆ 60,000. ಕರಡು ಹನ್ನೆರಡು ನಿಮಿಷವಿತ್ತು, ಸಿದ್ಧ ಚಿತ್ರ ಅದಕ್ಕಿಂತ ಅರ್ಧ ನಿಮಿಷವಷ್ಟೇ ಕಡಿಮೆ. ಈ ವರ್ಷ ಕಿರಿಯ ವಿದ್ಯಾರ್ಥಿಗಳು ಶಾಟ್ ಡಿವಿಷನ್ನಿಗೆ ಮೊದಲು ಶಬ್ದದ ಕರಡು ತರಬೇಕೆಂದು ಮೇಷ್ಟ್ರು ಹೇಳಿದ್ದಾರೆ. ಉಳಿದ ಹಣವನ್ನು ಶಬ್ದದ ಮಿಕ್ಸಿಂಗಿಗೆ ಕೊಟ್ಟೆವು, ಅದರಲ್ಲಿ ಹೆಚ್ಚಿನ ಸಮಯ ಹಿಡಿದದ್ದು ಗಿರಣಿ ನಿಲ್ಲುವ ಆ 40 ಸೆಕೆಂಡಿಗೆ.