ಬಲಬದಿಯ ಸೀಟಿನ ಗಂಟೆಗಳು: ಫಸ್ಟ್ ಆಫೀಸರ್ ಲಾಗ್‌ಬುಕ್ ಬರೆಯುವುದು ಹೇಗೆ?

ಪೈಲಟ್ ತನ್ನ ಹಾರಾಟದ ಗಂಟೆಗಳನ್ನು ಬರೆದಿಡುವ ಲಾಗ್‌ಬುಕ್ಕಿನಲ್ಲಿ ‘ಪಿಐಸಿ’ (ಪೈಲಟ್ ಇನ್ ಕಮಾಂಡ್) ಎಂಬ ಕಾಲಂ ಒಂದೇ. ಆದರೆ ಅಮೆರಿಕದ ವಿಮಾನಯಾನ ನಿಯಮಗಳಲ್ಲಿ ‘ಪೈಲಟ್ ಇನ್ ಕಮಾಂಡ್’ ಎನ್ನುವ ಮಾತು ಎರಡು ಅರ್ಥದಲ್ಲಿ ಬರುತ್ತದೆ. ಏರ್‌ಲೈನ್‌ಗೆ ಹೊಸದಾಗಿ ಸೇರಿದ ಫಸ್ಟ್ ಆಫೀಸರ್‌ಗಳು, ಅಂದರೆ ಬಲಬದಿಯ ಸೀಟಿನ ಸಹಪೈಲಟ್‌ಗಳು, ಎಡವುವುದು ಇಲ್ಲೇ. ಕೆಲವರು ತಮಗೆ ಸಲ್ಲಬೇಕಾದ ಗಂಟೆಗಳನ್ನು ಬರೆಯದೆ ಬಿಡುತ್ತಾರೆ. ಇನ್ನು ಕೆಲವರು ಎಲ್ಲವನ್ನೂ ಬರೆದುಕೊಂಡು, ಮುಂದೆ ಸಂದರ್ಶನದಲ್ಲಿ ಕೇಳಿದಾಗ ವಿವರಿಸಲಾಗದೆ ಕೂರುತ್ತಾರೆ. ಎರಡೂ ಆಗದಂತೆ ಬರೆಯಲು ಸಾಧ್ಯವಿದೆ, ಕಷ್ಟವೂ ಇಲ್ಲ.

ಮೊದಲು ನಿಮ್ಮ ಸರ್ಟಿಫಿಕೇಟ್ ಓದಿ

ಗರಿಷ್ಠ ಟೇಕಾಫ್ ತೂಕ 12,500 ಪೌಂಡ್ ಮೀರಿದ ವಿಮಾನಕ್ಕೂ ಜೆಟ್ ಎಂಜಿನ್ನಿನ ವಿಮಾನಕ್ಕೂ ಕಮಾಂಡರ್ ಆಗಬೇಕಾದರೆ ಆ ಮಾದರಿಯದೇ ಟೈಪ್ ರೇಟಿಂಗ್, ಅಂದರೆ ಆ ವಿಮಾನ ಹಾರಿಸುವ ಪ್ರತ್ಯೇಕ ಅರ್ಹತೆ, ಬೇಕು. ನಿಮ್ಮ ಸರ್ಟಿಫಿಕೇಟಿನಲ್ಲಿ ಆ ರೇಟಿಂಗ್ ಇದೆಯೇ, ಇದ್ದರೆ ಅದರ ಪಕ್ಕದಲ್ಲಿ ‘ಸಹಪೈಲಟ್ ಅಧಿಕಾರ ಮಾತ್ರ’ ಎಂಬ ಮಿತಿ ಇದೆಯೇ ನೋಡಿ. ಬೇರೆ ದೇಶಗಳಿಗೆ ಹಾರುವ ಸಹಪೈಲಟ್‌ಗಳಿಗೆಂದು 2005ರಲ್ಲಿ ಬಂದ ರೇಟಿಂಗ್ ಅದು. ಆ ಸಾಲು ಇದ್ದರೆ ಮುಂದಿನ ಲೆಕ್ಕ ನಿಮಗೆ ಅನ್ವಯಿಸುವುದಿಲ್ಲ. ಹಾರಿದ್ದೆಲ್ಲ ಎಸ್‌ಐಸಿ, ಅಂದರೆ ಸೆಕೆಂಡ್ ಇನ್ ಕಮಾಂಡ್ ಗಂಟೆ.

ಈ ಪ್ರಶ್ನೆ ಇಂದು ಪ್ರತಿಯೊಬ್ಬ ಏರ್‌ಲೈನ್ ಫಸ್ಟ್ ಆಫೀಸರ್‌ನ ಮುಂದೆ ಬರುವುದಕ್ಕೆ ಒಂದು ದುರಂತ ಕಾರಣ. 2009ರ ಫೆಬ್ರುವರಿ 12ರ ರಾತ್ರಿ ಬಫಲೋ ನಗರದ ಬಳಿ ಕೋಲ್ಗನ್ ಏರ್ 3407 ವಿಮಾನ ಬಿದ್ದು 50 ಜನ ಸತ್ತರು. ಮೃತರ ಕುಟುಂಬಗಳು ಬಿಡದೆ ಹೋರಾಡಿದವು. 2010ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿತು. 2013ರಲ್ಲಿ ಜಾರಿಯಾದ ನಿಯಮದ ಪ್ರಕಾರ ಏರ್‌ಲೈನ್ ಫಸ್ಟ್ ಆಫೀಸರ್‌ಗೂ ಎಟಿಪಿ (ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪೈಲಟ್) ಸರ್ಟಿಫಿಕೇಟ್ ಬೇಕು, ತಾನು ಹಾರಿಸುವ ವಿಮಾನದ ಟೈಪ್ ರೇಟಿಂಗೂ ಬೇಕು. ಅದಕ್ಕೂ ಮೊದಲು ಕಮರ್ಷಿಯಲ್ ಲೈಸೆನ್ಸ್ ಇದ್ದರೂ ಆ ಸೀಟು ಸಿಗುತ್ತಿತ್ತು. ಬಲಬದಿಯಲ್ಲಿ ಕೂತವರ ಕೈಗೆ ಪೂರ್ಣ ರೇಟಿಂಗ್ ಬಂದದ್ದೇ, ಪಿಐಸಿ ಕಾಲಂನ ಬಾಗಿಲೂ ತೆರೆಯಿತು.

ಕಮಾಂಡರ್ ಆಗಿರುವುದು ಬೇರೆ, ಬರೆದುಕೊಳ್ಳುವುದು ಬೇರೆ

ನಿಯಮಗಳ 1ನೇ ಭಾಗದ ವ್ಯಾಖ್ಯೆಯಂತೆ, ಹಾರಾಟದ ಸುರಕ್ಷತೆಯ ಅಂತಿಮ ಹೊಣೆ ಯಾರದೋ, ಆ ಸ್ಥಾನಕ್ಕೆ ಯಾರನ್ನು ನೇಮಿಸಲಾಗಿದೆಯೋ ಅವರು ಪಿಐಸಿ. ಏರ್‌ಲೈನ್‌ನಲ್ಲಿ ಅದು ಕ್ಯಾಪ್ಟನ್. ಕಂಟ್ರೋಲ್ ಯಾರ ಕೈಯಲ್ಲಿದ್ದರೂ ಆ ಹೊಣೆ ಕದಲುವುದಿಲ್ಲ.

ಲಾಗ್‌ಬುಕ್ ಬರೆಯುವ ನಿಯಮ 61.51. ತಾನು ರೇಟಿಂಗ್ ಹೊಂದಿರುವ ವಿಮಾನದ ಕಂಟ್ರೋಲನ್ನು ತಾನೊಬ್ಬನೇ ನಿರ್ವಹಿಸಿದ ಸಮಯವನ್ನು ಪೈಲಟ್ ಪಿಐಸಿ ಎಂದು ಬರೆಯಬಹುದು ಎನ್ನುತ್ತದೆ ಅದು. ಎಟಿಪಿ ಬೇಕೇಬೇಕಾದ ಹಾರಾಟದಲ್ಲಿ ಕಮಾಂಡರ್ ಆಗಿರುವವರು ಪೂರ್ತಿ ಸಮಯವನ್ನು ಪಿಐಸಿ ಎಂದು ಬರೆಯಬಹುದು ಎಂದೂ ಅದೇ ನಿಯಮ ಹೇಳುತ್ತದೆ. ಹಾಗಾಗಿ ಒಂದೇ ಹಾರಾಟದ ಅದೇ ಗಂಟೆ ಇಬ್ಬರ ಲಾಗ್‌ಬುಕ್ಕಿನಲ್ಲೂ ಪಿಐಸಿ ಆಗಿ ಕಾಣಿಸಬಹುದು. ಇದರಲ್ಲಿ ಮೋಸವಿಲ್ಲ.

ಒಂದು ಕಾಲಂ ಅಲ್ಲ, ಮೂರು ಮಾಡಿ

ನಾನು ಇಡೀ ಲೇಖನದಲ್ಲಿ ಒತ್ತಿ ಹೇಳುವ ಮಾತು ಇದೊಂದೇ. ಲಾಗ್‌ಬುಕ್ ಕಾಗದದ್ದಿರಲಿ, ಆ್ಯಪ್ ಇರಲಿ, ಮೂರು ಕಾಲಂ ಪ್ರತ್ಯೇಕವಾಗಿರಲಿ: ಕ್ಯಾಪ್ಟನ್ ಆಗಿ ಹೊಣೆ ಹೊತ್ತ ಪಿಐಸಿ, ಕಂಟ್ರೋಲ್ ನಿರ್ವಹಿಸಿದ ಪಿಐಸಿ, ಫಸ್ಟ್ ಆಫೀಸರ್ ಆಗಿ ಕೆಲಸ ಮಾಡಿದ ಒಟ್ಟು ಗಂಟೆ. ಎರಡನೆಯ ಗಂಟೆಗಳು ಮೂರನೆಯದರಲ್ಲೂ ಸೇರಿರುತ್ತವೆ. ಆದ್ದರಿಂದ ಒಟ್ಟು ಹಾರಾಟದ ಮೊತ್ತ ತೆಗೆಯುವಾಗ ಎರಡನ್ನೂ ಕೂಡಿಸಬೇಡಿ.

ಉದಾಹರಣೆಗೆ, ಒಂದು ದಿನ ಎರಡು ಸೆಕ್ಟರ್, ಅಂದರೆ ಎರಡು ಹಾರಾಟ, ಎಂದುಕೊಳ್ಳಿ. ಮೊದಲನೆಯದು 2.4 ಗಂಟೆ, ನೀವು ಪೈಲಟ್ ಫ್ಲೈಯಿಂಗ್ (ಪಿಎಫ್), ಅಂದರೆ ವಿಮಾನ ಹಾರಿಸುವವರು. ಎರಡನೆಯದು 1.8 ಗಂಟೆ, ನೀವು ಪೈಲಟ್ ಮಾನಿಟರಿಂಗ್, ಅಂದರೆ ಗಮನಿಸುತ್ತ ನೆರವಾಗುವವರು. ಮೂರನೇ ಕಾಲಂಗೆ 4.2 ಹೋಗುತ್ತದೆ. ಎರಡನೇ ಕಾಲಂಗೆ 2.4 ಬರೆಯಲು ಕೈ ಮುಂದಾಗುತ್ತದೆ, ಸ್ವಲ್ಪ ತಡೆಯಿರಿ. ಹಾರಾಟದ ಸಮಯ ಶುರುವಾಗುವುದು ಹಾರುವ ಉದ್ದೇಶದಿಂದ ವಿಮಾನ ಸ್ವಂತ ಶಕ್ತಿಯಲ್ಲಿ ಕದಲಿದ ಗಳಿಗೆಯಿಂದ, ಮುಗಿಯುವುದು ಇಳಿದು ನಿಂತಾಗ. ಟ್ಯಾಕ್ಸಿ ಮಾಡುವುದೂ ಇದರಲ್ಲಿ ಸೇರಿತು. ನೆಲದ ಮೇಲೆ ಮೂಗಿನ ಚಕ್ರ ತಿರುಗಿಸುವ ಟಿಲ್ಲರ್ ಹಲವು ವಿಮಾನಗಳಲ್ಲಿ ಎಡಬದಿಯಲ್ಲಿ ಮಾತ್ರ ಇರುತ್ತದೆ, ಟ್ಯಾಕ್ಸಿ ಮಾಡಿದ್ದು ಕ್ಯಾಪ್ಟನ್. ಆ 0.4 ಗಂಟೆ ಕಳೆದು 2.0 ಎಂದು ಬರೆಯಿರಿ. ಇಷ್ಟು ಬಿಗಿ ಬೇಕೇ ಎಂದು ಅನ್ನಿಸಬಹುದು. ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ನಿಯಮದಲ್ಲಿರುವುದು ‘ಒಬ್ಬನೇ’ ಎಂಬ ಪದ. ಮೊದಲನೇ ಕಾಲಂ ಅಂದು ಸೊನ್ನೆ.

ದಿನಾಂಕ, ಹೊರಟ ಜಾಗ, ತಲುಪಿದ ಜಾಗ, ವಿಮಾನದ ಮಾದರಿ, ನೋಂದಣಿ ಸಂಖ್ಯೆ ಇವೆಲ್ಲ ಎಂದಿನಂತೆ. ‘ನಾನು ಪಿಎಫ್’ ಎಂದು ಷರಾದಲ್ಲಿ ಒಂದು ಮಾತು ಸೇರಿಸಿಟ್ಟರೆ ವರ್ಷಗಳ ನಂತರ ಉಪಯೋಗಕ್ಕೆ ಬರುತ್ತದೆ.

ಯಾವ ಸಂಖ್ಯೆ ಎಲ್ಲಿಗೆ

ಪೂರ್ಣ ಎಟಿಪಿಗೆ 1,500 ಗಂಟೆ ಬೇಕು, ಅದರಲ್ಲಿ 250 ಗಂಟೆ ಪಿಐಸಿ. ಕ್ಯಾಪ್ಟನ್‌ನ ಮೇಲ್ವಿಚಾರಣೆಯಲ್ಲಿ ಕಮಾಂಡರ್‌ನ ಕೆಲಸ ಮಾಡಿದ ಸಹಪೈಲಟ್ ಗಂಟೆಗಳನ್ನೂ ಈ 250ಕ್ಕೆ ಹಿಡಿಯಬಹುದು. ಇನ್ನು ಏರ್‌ಲೈನ್‌ನಲ್ಲಿ ಕ್ಯಾಪ್ಟನ್ ಬಡ್ತಿಗೆ ಹೆಚ್ಚಿನವರು ಹಿಡಿಯುವ ದಾರಿ ಎಂದರೆ ಏರ್‌ಲೈನ್ ಸಹಪೈಲಟ್ ಆಗಿ 1,000 ಗಂಟೆ ಪೂರೈಸುವುದು. ಅಲ್ಲಿ ಬೇಕಾಗುವುದು ಮೂರನೇ ಕಾಲಂ. ಎಲ್ಲವನ್ನೂ ಪಿಐಸಿಗೆ ತುಂಬಿದವರಿಗೆ ಆ ಮೊತ್ತ ತೆಗೆಯಲು ಹಳೆಯ ಪುಟಗಳನ್ನೆಲ್ಲ ತಿರುವಬೇಕಾಗುತ್ತದೆ.

ಬೇರೆ ಕಂಪನಿಗೆ ಅರ್ಜಿ ಹಾಕುವಾಗ ‘ಪಿಐಸಿ ಗಂಟೆ’ ಎಂಬ ಖಾನೆಯ ಕೆಳಗಿನ ಸಣ್ಣ ಅಕ್ಷರ ಓದಿ. ವಿಮಾನಕ್ಕೆ ಸಹಿ ಹಾಕಿ ಹೊಣೆ ಹೊತ್ತ ಗಂಟೆಗಳನ್ನಷ್ಟೇ ಕೇಳುವ ಕಂಪನಿಗಳೇ ಹೆಚ್ಚು. ಹಾಗಿದ್ದರೆ ಮೊದಲನೇ ಕಾಲಂನ ಸಂಖ್ಯೆ ಬರೆಯಿರಿ, ಸೊನ್ನೆಯಾದರೆ ಸೊನ್ನೆ. ಖಾನೆಯ ಅರ್ಥ ಸ್ಪಷ್ಟವಿಲ್ಲದಿದ್ದರೆ ಕಂಪನಿಯನ್ನೇ ಕೇಳಿ. ಉದ್ದೇಶಪೂರ್ವಕ ಸುಳ್ಳು ನಮೂದಿಗೆ ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ ಸರ್ಟಿಫಿಕೇಟನ್ನೇ ರದ್ದು ಮಾಡಬಹುದು ಎಂದು ನಿಯಮ 61.59ರಲ್ಲಿದೆ.

ಯುರೋಪಿನ ಲೈಸೆನ್ಸ್ ಇರುವವರು ಈ ಕ್ರಮ ಅನುಸರಿಸಬೇಡಿ. ಅಲ್ಲಿ ಕಂಟ್ರೋಲ್ ಹಿಡಿದ ಮಾತ್ರಕ್ಕೆ ಸಹಪೈಲಟ್ ಪಿಐಸಿ ಬರೆಯುವಂತಿಲ್ಲ. ಇರುವುದು ‘ಪಿಕಸ್’, ಅಂದರೆ ಮೇಲ್ವಿಚಾರಣೆಯಲ್ಲಿ ಕಮಾಂಡರ್ ಕೆಲಸ ಮಾಡಿದ ಗಂಟೆ. ಅದಕ್ಕೆ ಕ್ಯಾಪ್ಟನ್ ಸಹಿ ಬೇಕು. ಆ ಸಹಿಯನ್ನು ಕಾಕ್‌ಪಿಟ್ ಬಿಟ್ಟು ಇಳಿಯುವ ಮುಂಚೆಯೇ ಹಾಕಿಸಿಕೊಳ್ಳಿ.