ಸೊಪ್ಪು ತೊಳೆದ ನೀರಿನಲ್ಲಿ ಕಂಡದ್ದು

ಸೊಪ್ಪಿನಲ್ಲಿ ಜಂತುಹುಳುವಿನ ಮೊಟ್ಟೆ ಇದೆಯೇ ಎಂದು ನೋಡಲು ಎಲೆಯನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟು ಪ್ರಯೋಜನವಿಲ್ಲ. ಎಲೆ ತೊಳೆದ ನೀರಿನ ತಳದಲ್ಲಿ ಕೂತ ಮಡ್ಡಿಯನ್ನು ನೋಡಬೇಕು. ಮೈಸೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡುವ ನಾನು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಈ ಕೆಲಸ ಮಾಡುತ್ತಾ ಬಂದಿದ್ದೇನೆ. ಕೊತ್ತಂಬರಿ, ಪುದೀನ, ಮೆಂತ್ಯ, ಪಾಲಕ್, ದಂಟು, ಹೀಗೆ ಮನೆಗೆ ಕೊಳ್ಳುವ ಸೊಪ್ಪನ್ನೇ ಸಂತೆಯಿಂದ ತರುತ್ತೇವೆ. ಒಂದೊಂದು ಕಟ್ಟಿಗೂ ಒಂದೊಂದು ಹೊಸ ಪ್ಲಾಸ್ಟಿಕ್ ಚೀಲ. ಒಂದರ ಮಣ್ಣು ಇನ್ನೊಂದಕ್ಕೆ ತಾಗಿದರೆ ಆ ಪರೀಕ್ಷೆ ಕೆಲಸಕ್ಕೆ ಬಾರದು.

ನೂರು ಗ್ರಾಂ ಸೊಪ್ಪು ತೂಗಿ, ಲೀಟರಿಗೆ 8.5 ಗ್ರಾಂ ಉಪ್ಪು ಹಾಕಿದ ಶುದ್ಧ ನೀರಿನಲ್ಲಿ ಚೆನ್ನಾಗಿ ಕುಲುಕುತ್ತೇವೆ. ಸೊಪ್ಪು ತೆಗೆದು, ನೀರನ್ನು ಅಲುಗಾಡಿಸದೆ ರಾತ್ರಿಯಿಡೀ ಬಿಡುತ್ತೇವೆ. ಬೆಳಿಗ್ಗೆ ಮೇಲಿನ ತಿಳಿಯನ್ನು ಬಗ್ಗಿಸಿ, ಮಡ್ಡಿಯನ್ನು ಗಾಜ್ ಬಟ್ಟೆಯಲ್ಲಿ ಸೋಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಟ್ಯೂಬಿನ ತುದಿಯಲ್ಲಿ ಒಂದು ಚಿಟಿಕೆ ಕೆಸರು ಉಳಿಯುತ್ತದೆ. ಅದರ ಒಂದು ಹನಿ ಸ್ಲೈಡಿಗೆ, ಒಂದು ಹನಿ ಅಯೋಡಿನ್, ಮೇಲೆ ಕವರ್‌ಸ್ಲಿಪ್.

ಕಷ್ಟ ಶುರುವಾಗುವುದು ಇಲ್ಲಿಂದ. ಜಂತುಹುಳುವಿನ ಫಲಿತ ಮೊಟ್ಟೆ 45ರಿಂದ 75 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಉದ್ದ, ಕಂದು ಹಳದಿ ಬಣ್ಣ, ಸುತ್ತ ಉಬ್ಬುಉಬ್ಬಾದ ದಪ್ಪ ಹೊದಿಕೆ. ಕೊಕ್ಕೆಹುಳುವಿನ ಮೊಟ್ಟೆಗೆ ಬಣ್ಣವಿಲ್ಲ. ಗೋಡೆ ತೆಳು, ಒಳಗೆ ನಾಲ್ಕೋ ಎಂಟೋ ಜೀವಕೋಶಗಳ ಗುಂಪು. ಭೇದಿ ತರುವ ಏಕಕೋಶ ಜೀವಿ ಗಿಯಾರ್ಡಿಯಾದ ಸಿಸ್ಟ್, ಅಂದರೆ ಗಟ್ಟಿ ಹೊದಿಕೆಯೊಳಗಿನ ಅದರ ರೂಪ, 10 ಮೈಕ್ರಾನ್ ಆಸುಪಾಸಿನದು, ಅಯೋಡಿನ್ ಇಲ್ಲದಿದ್ದರೆ ಕಣ್ಣಿಗೆ ಬೀಳುವುದೇ ಅಪರೂಪ. ಇವುಗಳ ನಡುವೆ ಹೂವಿನ ಪರಾಗ ಮೊಟ್ಟೆಯ ಹಾಗೆ ಕಾಣುತ್ತದೆ, ಎಲೆಯ ರೋಮ ಮರಿಹುಳುವಿನ ಹಾಗೆ. ನಿಜವಾಗಿ ಓಡಾಡುವ ಹುಳುವೇ ಕಂಡರೂ ಬಹಳ ಸಲ ಅದು ಯಾರಿಗೂ ತೊಂದರೆ ಕೊಡದ ಮಣ್ಣಿನ ಹುಳು. ಅಳತೆ ತೆಗೆದುಕೊಳ್ಳದೆ, ಒಳಗಿನ ರಚನೆ ನೋಡದೆ ಯಾವುದನ್ನೂ ಲೆಕ್ಕಕ್ಕೆ ಸೇರಿಸಲು ನಾನು ಬಿಡುವುದಿಲ್ಲ. ಪರಾಗವನ್ನು ಮೊಟ್ಟೆ ಎಂದು ಬರೆದುಕೊಂಡರೆ ಸೊಪ್ಪು ಮಾರಿ ಬದುಕುವವರಿಗೆ ನಾವು ಅನ್ಯಾಯ ಮಾಡಿದಂತೆ.

ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಉಪ್ಪುನೀರಿನಲ್ಲಿ ನೆನೆಸಿಟ್ಟರೆ ಸಾಕಲ್ಲವಾ? ಸಾಲದು. ಜಂತುಹುಳುವಿನ ಮೊಟ್ಟೆಯನ್ನು ಶೇಕಡಾ 2ರ ಫಾರ್ಮಲಿನ್‌ನಲ್ಲಿ ಹಾಕಿ ಬೆಚ್ಚಗೆ ಇಟ್ಟರೆ ಮೂರ್ನಾಲ್ಕು ವಾರದಲ್ಲಿ ಅದರೊಳಗೆ ಮರಿ ಬೆಳೆಯುತ್ತದೆ. ಸುರುಳಿ ಸುತ್ತಿಕೊಂಡು ಹೊರಳಾಡುವುದನ್ನು ವಿದ್ಯಾರ್ಥಿಗಳು ಬೆರಗಾಗಿ ನೋಡುತ್ತಾರೆ. ಶವ ಕೆಡದಂತೆ ಇಡುವ ದ್ರಾವಣದಲ್ಲೇ ಬೆಳೆಯುವುದಕ್ಕೆ ಅಡುಗೆಮನೆಯ ಉಪ್ಪು, ವಿನೆಗರ್, ಅರಿಶಿನ ಏನು ಮಾಡೀತು? ಮೊಟ್ಟೆಯನ್ನು ಎಲೆಯಿಂದ ಬಿಡಿಸಿ ನೀರಿನ ಜೊತೆ ಹೊರಗೆ ಸಾಗಿಸಬೇಕು, ಇಲ್ಲವೇ ಬೇಯಿಸಬೇಕು. ಬಸ್ಸಾರು, ಮಸೊಪ್ಪು ಚೆನ್ನಾಗಿ ಕುದಿಯುತ್ತವೆ, ಅವುಗಳ ಬಗ್ಗೆ ನನಗೆ ಚಿಂತೆಯಿಲ್ಲ. ಚಿಂತೆ ಕೋಸಂಬರಿಗೆ ಉದುರಿಸುವ ಹಸಿ ಕೊತ್ತಂಬರಿಯದು, ಪುದೀನ ಚಟ್ನಿಯದು.

ಅದರಲ್ಲೂ ಹಂದಿ ಲಾಡಿಹುಳುವಿನ ವಿಷಯ ಪ್ರತಿ ತರಗತಿಯಲ್ಲೂ ಹೇಳುತ್ತೇನೆ. 'ನಾವು ಮಾಂಸವನ್ನೇ ಮುಟ್ಟುವುದಿಲ್ಲ, ನಮಗೆಲ್ಲಿಂದ ಬರುತ್ತದೆ' ಎನ್ನುವವರಿದ್ದಾರೆ. ಸರಿಯಾಗಿ ಬೇಯದ ಹಂದಿಮಾಂಸ ತಿಂದರೆ ಕರುಳಿನಲ್ಲಿ ಹುಳು ಬೆಳೆಯುತ್ತದೆ, ನಿಜ. ಆದರೆ ಹಾಗೆ ಹುಳು ಇರುವವರ ಮಲದಲ್ಲಿ ಮೊಟ್ಟೆಗಳು ಹೊರಬೀಳುತ್ತವೆ. ಅವು ಕೊಳಚೆ ನೀರಿನಿಂದಲೋ ಕೈಯಿಂದಲೋ ಸೊಪ್ಪಿಗೆ ಅಂಟಿ ಬಾಯಿಗೆ ಹೋದರೆ ಮರಿ ಮಿದುಳಿನಲ್ಲಿ ಗಂಟು ಕಟ್ಟಬಹುದು. ಫಿಟ್ಸ್ ಬರಲು ನಮ್ಮ ದೇಶದಲ್ಲಿ ಇದೂ ಒಂದು ಮುಖ್ಯ ಕಾರಣ. ಸಸ್ಯಾಹಾರಿ ಎಂಬುದು ಇಲ್ಲಿ ರಕ್ಷಣೆಯಲ್ಲ.

ನಮ್ಮ ಮನೆಯಲ್ಲಿ ಕೊತ್ತಂಬರಿ ಕಟ್ಟಿನ ಬಾಳೆನಾರು ಬಿಚ್ಚಿ, ಬೇರು ಕತ್ತರಿಸಿ ಎಸೆದು, ಕಡ್ಡಿಗಳನ್ನು ಬಿಡಿಬಿಡಿ ಮಾಡುತ್ತೇನೆ. ಅಗಲವಾದ ಪಾತ್ರೆಯ ತುಂಬ ನೀರಲ್ಲಿ ಆಡಿಸಿ, ಸೊಪ್ಪನ್ನು ಮೇಲಕ್ಕೆ ಎತ್ತಿಕೊಳ್ಳುತ್ತೇನೆ. ಪಾತ್ರೆಯನ್ನೇ ಬಗ್ಗಿಸಿದರೆ ತಳದ ಮಡ್ಡಿ ಮತ್ತೆ ಎಲೆಯ ಮೇಲೆ ಕೂರುತ್ತದೆ. ತಳದಲ್ಲಿ ಮಣ್ಣು ಕಾಣದಾಗುವವರೆಗೆ ನೀರು ಬದಲಿಸಿ, ಕೊನೆಗೆ ನಲ್ಲಿಯ ಕೆಳಗೆ ಹಿಡಿದು ಬೆರಳಲ್ಲಿ ಉಜ್ಜುತ್ತೇನೆ. ಹೆಚ್ಚುವುದು ಆಮೇಲೆ.

ಸಂತೆಯಲ್ಲಿ ಸೊಪ್ಪು ಬಾಡದಿರಲೆಂದು ಎಲ್ಲ ಕಟ್ಟುಗಳನ್ನೂ ಒಂದೇ ಟಬ್ಬಿನಲ್ಲಿ ಅದ್ದುತ್ತಾರೆ. ಒಂದು ಕಟ್ಟಿನ ಕೊಳೆ ಎಲ್ಲಕ್ಕೂ ಹರಡುವುದು ಅಲ್ಲಿ. ನೀರು ಆಗಾಗ ಬದಲಾಯಿಸಿ ಎಂದು ನಾನು ಸದಾ ಕೊಳ್ಳುವ ಅಮ್ಮನಿಗೆ ಹೇಳಿದಾಗ, "ಬದಲಾಯಿಸ್ತೀನಿ ಮೇಷ್ಟ್ರೇ, ಈ ಸಾಲಿಗೆಲ್ಲಾ ಒಂದು ನಲ್ಲಿನಾದ್ರೂ ಹಾಕ್ಸಿಕೊಡಿ" ಎಂದರು. ಅವರು ಆ ಒಂದು ಟಬ್ಬು ನೀರನ್ನು ದೂರದಿಂದ ಕೊಡದಲ್ಲಿ ಹೊತ್ತು ತರುತ್ತಾರೆ. ಹಾಗಾಗಿ ನಮ್ಮ ಫಲಿತಾಂಶದ ಪ್ರತಿಯ ಜೊತೆ ಈಗ ನಲ್ಲಿಗೊಂದು ಅರ್ಜಿಯನ್ನೂ ಬರೆಯುತ್ತಿದ್ದೇವೆ. ಸೊಪ್ಪಿನ ಸಾಲಿನವರೆಲ್ಲ ಅದಕ್ಕೆ ಸಹಿ ಹಾಕುತ್ತಿದ್ದಾರೆ.