ದೂರದ ಶೂಟಿಂಗಿಗೆ ಕ್ಯಾಲಿಬರ್, ಬುಲೆಟ್ ತೂಕ ಹೋಲಿಸೋದು ಹೇಗೆ

ರೈಫಲ್ ಆರಿಸೋಕೆ ಕೂತೋರು ಮೊದಲು ನೋಡೋದು ತೋಟಾ ಡಬ್ಬದ ಮೇಲಿನ ವೇಗ, ಆಮೇಲೆ ತೂಕ, ಯಾವುದು ದೊಡ್ಡದೋ ಅದೇ ಗೆದ್ದಂಗೆ. ಆ ವೇಗ ಬ್ಯಾರೆಲ್ ಬಾಯಲ್ಲಿ ಇರೋದು ಸ್ವಾಮಿ, ಟಾರ್ಗೆಟ್ ಇರೋದು 1000 ಗಜ ಆಚೆ.

ಹಂತ 1: ದೂರ, ರೂಲ್ಸು ಎರಡೂ ಮೊದ್ಲು ನೋಡ್ಕೊಳ್ಳಿ. ಎಫ್-ಟಿಆರ್ ಸ್ಪರ್ಧೆಗಾದ್ರೆ (ಬೈಪಾಡ್ ಮೇಲೆ ರೈಫಲ್ ಇಟ್ಟು ಮಲಗಿ ದೂರದ ಗುರಿಗೆ ಹೊಡೆಯೋದು) ಕ್ಯಾಲಿಬರ್, ಅಂದ್ರೆ ಬುಲೆಟ್ಟಿನ ಅಡ್ಡಳತೆ ಹೇಳೋ ತೋಟಾ ಹೆಸರು, .223 ರೆಮಿಂಗ್ಟನ್ ಇಲ್ಲಾ .308 ವಿಂಚೆಸ್ಟರ್ ಅಷ್ಟೇ, ಚರ್ಚೆ ಮುಗೀತು. 300 ಗಜದೊಳಗೇ ಆಡೋರು ಇಷ್ಟೆಲ್ಲಾ ತಲೆ ಕೆಡಿಸ್ಕೊಳ್ಳೋದೇ ಬೇಡ.

ಹಂತ 2: ಪ್ರತಿ ಕ್ಯಾಲಿಬರ್‌ಗೂ ಒಂದೊಂದು ಮ್ಯಾಚ್ ಬುಲೆಟ್, ಅಂದ್ರೆ ಸ್ಪರ್ಧೆಗೆ ಅಂತಾನೇ ಮಾಡಿದ್ದು, ಹೋಲಿಕೆಗೆ ಇಟ್ಕೊಳ್ಳಿ. ಅಗ್ಗಕ್ಕೆ ಸಿಗೋ ಹಳೇ ಮಿಲಿಟರಿ ಸರಕು ತಂದು ಕ್ಯಾಲಿಬರ್ ಸರಿ ಇಲ್ಲ ಅನ್ಬೇಡಿ.

ಹಂತ 3: ಎಲ್ಲರೂ ಎಡವೋದು ಇಲ್ಲೇ. ತೂಕ ಗ್ರೇನ್ ಲೆಕ್ಕದಲ್ಲಿರುತ್ತೆ, 7000 ಗ್ರೇನ್ ಅಂದ್ರೆ ಒಂದು ಪೌಂಡ್. .308ರ 175 ಗ್ರೇನ್ ಬುಲೆಟ್ ಪಕ್ಕ 6.5 ಕ್ರೀಡ್‌ಮೋರ್‌ನ 140 ಗ್ರೇನ್ ಇಟ್ರೆ ಮೊದಲನೇದೇ ಭಾರ, ಆದ್ರೆ ಎರಡನೇದು ಸಣ್ಣ, ಅಡ್ಡಳತೆ ಬರೀ 0.264 ಇಂಚು, ಮೊದಲನೇದರದ್ದು 0.308. ತೂಕಾನ ಪೌಂಡ್ ಮಾಡಿ ಅಡ್ಡಳತೆಯ ವರ್ಗದಿಂದ ಭಾಗಿಸಿ, .308ಕ್ಕೆ 0.264 ಬರುತ್ತೆ (6.5ರ ಅಡ್ಡಳತೆಯ ನಂಬರೇ ಬಂದಿದ್ದು ಕಾಕತಾಳೀಯ ಅಷ್ಟೇ), 6.5ಕ್ಕೆ 0.287, ಅಂದ್ರೆ ತನ್ನ ದಪ್ಪಕ್ಕೆ ಹೋಲಿಸಿದ್ರೆ 'ಹಗುರ'ದ್ದೇ ಭಾರ! ಇದಕ್ಕೆ ಬುಲೆಟ್ಟಿನ ಆಕಾರಾನೂ ಸೇರಿಸಿದ್ರೆ ಬರೋದೇ ಬ್ಯಾಲಿಸ್ಟಿಕ್ ಕೋಎಫಿಷಿಯೆಂಟ್, ಗಾಳೀನ ಎಷ್ಟು ಚೆನ್ನಾಗಿ ಸೀಳುತ್ತೆ ಅನ್ನೋ ನಂಬರ್. ಇದರಲ್ಲೂ ಜಿ1, ಜಿ7 ಅಂತ ಎರಡು ಅಳತೆ ಇದೆ, ಒಂದೊಂದೂ ಬೇರೆ ಬೇರೆ ಮಾದರಿ ಬುಲೆಟ್ ಆಕಾರಕ್ಕೆ ಹೋಲಿಸಿ ಕೊಡೋ ನಂಬರ್. ಹಾರ್ನಡಿ ಕಂಪನಿಯ 140 ಗ್ರೇನ್ ಇಎಲ್‌ಡಿ ಮ್ಯಾಚ್ ಒಂದೇ ಬುಲೆಟ್, ಜಿ1ನಲ್ಲಿ ಸುಮಾರು 0.65, ಜಿ7ನಲ್ಲಿ ಸುಮಾರು 0.33. ಒಂದರ ಜಿ1 ಇನ್ನೊಂದರ ಜಿ7 ಹಿಡ್ಕೊಂಡು ಜಗಳ ಆಡೋರನ್ನ ಎಷ್ಟು ನೋಡಿಲ್ಲ! ಉದ್ದ ಮೂತಿಯ, ಹಿಂಭಾಗ ಕಿರಿದಾಗೋ ಬುಲೆಟ್‌ಗೆ ಜಿ7ನೇ ನೋಡಿ, ವೇಗ ಇಳಿದ್ರೂ ಅದು ಹೆಚ್ಚು ಬದಲಾಗಲ್ಲ.

ಹಂತ 4: ಈ ನಂಬರ್‌ಗಳನ್ನ ಬ್ಯಾಲಿಸ್ಟಿಕ್ ಆಪ್‌ಗೆ ಹಾಕಿ, ಬುಲೆಟ್ ಎಷ್ಟು ಕೆಳಗೆ ಇಳಿಯುತ್ತೆ ಅನ್ನೋದನ್ನ ಬಿಟ್ಟು ಗಾಳಿಗೆ ಎಷ್ಟು ಸರಿಯುತ್ತೆ ಅನ್ನೋ ಕಾಲಂ ನೋಡಿ. ಇಳಿಯೋದನ್ನ ಸ್ಕೋಪ್ ತಿರುಗಿಸಿ ಸರಿ ಮಾಡ್ಬಹುದು, ಗಾಳಿ ಮಾತ್ರ ಅಂದಾಜು. 1000 ಗಜದಲ್ಲಿ ಮೇಲಿನ 6.5 ಬುಲೆಟ್ .308ಕ್ಕಿಂತ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಕಮ್ಮಿ ಸರಿಯುತ್ತೆ. ಜೊತೆಗೆ ವೇಗ ಶಬ್ದದ ಹತ್ತಿರ, ಅಂದ್ರೆ ಸೆಕೆಂಡಿಗೆ ಸುಮಾರು 1125 ಅಡಿಗೆ ಎಲ್ಲಿ ಇಳಿಯುತ್ತೆ ಅಂತಾನೂ ನೋಡಿ, ಅಲ್ಲಿ ಕೆಲವು ಬುಲೆಟ್ ತಾಳ ತಪ್ತಾವೆ. .308ರಲ್ಲಿ ಹಳೇ 168 ಗ್ರೇನ್ ಮ್ಯಾಚ್‌ಕಿಂಗ್ 300 ಮೀಟರ್ ಸ್ಪರ್ಧೆಗೆ ಮಾಡಿದ್ದು, 1000 ಗಜಕ್ಕೆ ಬೇಡ, 175 ತಗೊಳ್ಳಿ.

ಹಂತ 5: ಬ್ಯಾರೆಲ್ ಟ್ವಿಸ್ಟ್ ನೋಡಿ, ಅಂದ್ರೆ ಬುಲೆಟ್ಟನ್ನ ತಿರುಗಿಸೋ ಒಳಗಿನ ಗೀರುಗಳು ಎಷ್ಟು ಇಂಚಿಗೆ ಒಂದು ಸುತ್ತು ಬರ್ತಾವೆ ಅನ್ನೋದು. 12 ಇಂಚಿಗೆ ಒಂದು ಸುತ್ತಿನ .223ಗೆ 77 ಗ್ರೇನ್ ಹಾಕಿದ್ರೆ ಬುಲೆಟ್ ಸ್ಥಿರವಾಗಲ್ಲ, ಕಾಗದದ ಮೇಲೆ ಅಡ್ಡಡ್ಡ ತೂತು ಬಿದ್ರೂ ಆಶ್ಚರ್ಯ ಇಲ್ಲ. ಆ ತೂಕಕ್ಕೆ 7 ಅಥವಾ 8 ಇಂಚು ಬೇಕು.

ಹಂತ 6: ಒದೆತ, ಅಂದ್ರೆ ಗುಂಡು ಹಾರಿಸಿದಾಗ ರೈಫಲ್ ಭುಜಕ್ಕೆ ಕೊಡೋ ಹೊಡೆತ, ನೋಡಿ. .300 ವಿಂಚೆಸ್ಟರ್ ಮ್ಯಾಗ್ನಮ್ ಕಾಗದದ ಮೇಲೆ ಚೆಂದ, ಹೊಸಬರು ಅದರಲ್ಲಿ ಕಲಿಯೋದು ಕಣ್ಣು ಮುಚ್ಚೋದನ್ನ. ನನ್ನ ಕೇಳಿದ್ರೆ ಕಲಿಯೋಕೆ 6.5 ಕ್ರೀಡ್‌ಮೋರ್, ಬೇರೆ ಮಾತೇ ಇಲ್ಲ. ಬ್ಯಾರೆಲ್ .308ಕ್ಕಿಂತ ಬೇಗ ಸವೆಯುತ್ತೆ, ಸವೀಲಿ.

ಹಂತ 7: ಕೊನೇದಾಗಿ ನಿಮ್ಮ ರೈಫಲ್‌ನ ನಿಜವಾದ ವೇಗಾನ ಬುಲೆಟ್ ವೇಗ ಅಳೆಯೋ ಯಂತ್ರ ಕ್ರೋನೋಗ್ರಾಫ್‌ನಲ್ಲಿ ಅಳೀರಿ. ಡಬ್ಬದ ವೇಗ ಬಹಳ ಸಲ 24 ಇಂಚು ಬ್ಯಾರೆಲ್‌ದು, ನಿಮ್ಮದು 20 ಆದ್ರೆ ಅಷ್ಟು ಬರಲ್ಲ, ಅಳೆದ ವೇಗ ಹಾಕಿ ಹಂತ 4ರ ಲೆಕ್ಕ ಇನ್ನೊಮ್ಮೆ ಮಾಡಿ.